ಇಂಗ್ಲಿಷ್ ಬರವಣಿಗೆಯಲ್ಲಿ ಪದಮೈತ್ರಿ

ಯಾವ ಭಾಷೆಯಲ್ಲೇ ಆಗಲಿ, ಕೆಲವು ಪದಗಳು ಕೆಲವು ಪದಗಳ ಜೊತೆಗೇ ಸಲೀಸಾಗಿ ಕೂಡಿ ಬರುತ್ತವೆ. ಅರ್ಥದಲ್ಲಿ ಹತ್ತಿರವಿರುವ ಬೇರೊಂದು ಪದವನ್ನು ಆ ಜಾಗದಲ್ಲಿ ಕೂರಿಸಿದರೆ ವ್ಯಾಕರಣ ಕೆಡುವುದಿಲ್ಲ, ಹೇಳಿದ್ದು ತಿಳಿಯದೆಯೂ ಇರುವುದಿಲ್ಲ. ಆದರೂ ಆ ಭಾಷೆಯವರ ಕಿವಿ ಒಪ್ಪುವುದಿಲ್ಲ. ಹೀಗೆ ರೂಢಿಯಿಂದ ಜೊತೆಗೂಡುವ ಪದಗಳ ಸಂಬಂಧಕ್ಕೆ ಭಾಷಾವಿಜ್ಞಾನದಲ್ಲಿ ಕೊಲೊಕೇಶನ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಪದಮೈತ್ರಿ ಎಂದು ಕರೆದಿದೆ. ಇಂಗ್ಲಿಷಿನಲ್ಲಿ ಜೋರು ಮಳೆ ‘ಹೆವಿ ರೈನ್’, ಜೋರು ಗಾಳಿ ‘ಸ್ಟ್ರಾಂಗ್ ವಿಂಡ್’. ‘ಸ್ಟ್ರಾಂಗ್ ರೈನ್’ ಎಂದು ಬರೆದವನನ್ನು ಯಾವ ವ್ಯಾಕರಣ ಪುಸ್ತಕವೂ ತಡೆಯದು, ಆದರೆ ಓದುಗ ಅಲ್ಲಿ ಒಂದು ಕ್ಷಣ ನಿಂತೇ ಮುಂದೆ ಹೋಗುತ್ತಾನೆ.

ಇದು ಇಂಗ್ಲಿಷಿಗೆ ಮಾತ್ರ ಅಂಟಿದ್ದಲ್ಲ. ನಮ್ಮ ಅಡುಗೆಮನೆಯಲ್ಲಿ ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಹಣ್ಣು ಕೊಳೆಯುತ್ತದೆ, ಕೊಬ್ಬರಿ ಎಣ್ಣೆ ಕಮಟಾಗುತ್ತದೆ. ಎಲ್ಲಕ್ಕೂ ‘ಕೆಟ್ಟಿತು’ ಎಂದರೆ ನಡೆಯುತ್ತದೆ. ‘ಅನ್ನ ಒಡೆಯಿತು’, ‘ಹಾಲು ಹಳಸಿತು’ ಎಂದರೆ ಮನೆಮಂದಿ ಮುಖ ನೋಡುತ್ತಾರೆ. ಇಂಗ್ಲಿಷಿನಲ್ಲೂ ಹಾಲಿಗೆ ‘ಸವರ್’, ಬೆಣ್ಣೆಗೆ ‘ರ‍್ಯಾನ್ಸಿಡ್’, ಮೊಟ್ಟೆಗೆ ‘ರಾಟನ್’, ಬ್ರೆಡ್ಡಿಗೆ ‘ಸ್ಟೇಲ್’ ಎಂದು ಕೆಟ್ಟದ್ದಕ್ಕೆಲ್ಲ ಬೇರೆ ಬೇರೆ ಪದಗಳಿವೆ. ಕನ್ನಡದವರು ಇವನ್ನು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ಕನ್ನಡದಲ್ಲಿ ಕಲಿತರು. ಇಂಗ್ಲಿಷಿನಲ್ಲಿ ಕಲಿಯಬೇಕಾದ್ದು ಇದೇ ವಿದ್ಯೆ, ಬೇರೆ ದಾರಿಯಲ್ಲಿ.

ಯಾವ ಪದ ಯಾವ ಪದದೊಡನೆ ಕೂಡಬೇಕು ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದೂ ಅಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಸಮಾಸದಲ್ಲಿ ಬೆರೆಸುವಾಗ ಎಚ್ಚರವಿರಲಿ ಎಂದಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಬೆರಕೆಯ ಸಮಾಸದ, ಅಂದರೆ ಅರಿಸಮಾಸದ ವಿಚಾರ ಎತ್ತಿದ. ಆದರೆ ಅರಿಸಮಾಸದ ನಿಷೇಧ ಪದದ ಮೂಲ ನೋಡಿ ಮಾಡಿದ ನಿಯಮ. ಪದಮೈತ್ರಿಗೆ ಅಂಥ ನಿಯಮವಿಲ್ಲ. ಜನ ಹಾಗೆ ಬಳಸುತ್ತ ಬಂದರು ಎಂಬುದಷ್ಟೇ ಅದರ ಆಧಾರ.

ಸ್ವರೂಪ

‘ಬೈ ಎ ಬುಕ್’, ‘ರೀಡ್ ಎ ಬುಕ್’, ‘ಲೂಸ್ ಎ ಬುಕ್’ ಇವು ಸ್ವತಂತ್ರ ಜೋಡಣೆಗಳು. ಅರ್ಥ ಗೊತ್ತಿದ್ದರೆ ಯಾರು ಬೇಕಾದರೂ ಕಟ್ಟಬಹುದು. ಇನ್ನೊಂದು ತುದಿಯಲ್ಲಿ ನುಡಿಗಟ್ಟುಗಳಿವೆ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು ಎಂದು ಬಿಡಿ ಪದಗಳಿಂದ ಊಹಿಸಲಾಗದು. ಪದಮೈತ್ರಿ ಇವೆರಡರ ನಡುವಿನದು. ‘ಪೇ ಅಟೆನ್ಷನ್’, ‘ಮೇಕ್ ಎ ಮಿಸ್ಟೇಕ್’, ‘ಡ್ರಾ ಎ ಕನ್‌ಕ್ಲೂಷನ್’, ‘ಹೈಲಿ ಸಕ್ಸೆಸ್‌ಫುಲ್’, ‘ಡೀಪ್ಲಿ ರಿಲಿಜಸ್’ — ಇವನ್ನು ಓದಿದವರಿಗೆ ಅರ್ಥ ಬಿಡಿಸುವ ಕಷ್ಟವೇ ಇಲ್ಲ. ಕಷ್ಟವೆಲ್ಲ ಬರೆಯುವವರದು. ನುಡಿಗಟ್ಟು ಎದುರಾದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದೆ, ನಿಘಂಟು ತೆರೆಯುತ್ತೇವೆ. ಪದಮೈತ್ರಿ ಓದುವಾಗ ಕಣ್ಣಿಗೆ ಬೀಳದೆ ಜಾರಿಹೋಗುತ್ತದೆ. ಬರೆಯಲು ಕೂತಾಗ ಅದರ ಕೊರತೆ ಕಾಣುತ್ತದೆ. ಹತ್ತಾರು ವರ್ಷ ಇಂಗ್ಲಿಷ್ ಪತ್ರಿಕೆ ಓದಿದವರೂ ಒಂದು ಪುಟ ಬರೆಯುವಾಗ ತಡವರಿಸುವುದಕ್ಕೆ ಇದು ದೊಡ್ಡ ಕಾರಣ.

ಜರ್ಮನ್ ವಿದ್ವಾಂಸ ಫ್ರಾಂಜ್ ಯೋಸೆಫ್ ಹೌಸ್‌ಮನ್ ಇಂಥ ಜೋಡಿಯ ಎರಡು ಪದಗಳು ಸಮಾನರಲ್ಲ ಎಂದು ತೋರಿಸಿದರು. ಒಂದು ಆಧಾರಪದ, ಅದು ತನ್ನ ಅರ್ಥವನ್ನು ತಾನೇ ಹೊತ್ತಿರುತ್ತದೆ. ಇನ್ನೊಂದು ಅದನ್ನು ಅನುಸರಿಸಿ ಬರುವ ಪದ. ‘ಪೇ ಅಟೆನ್ಷನ್’ನಲ್ಲಿ ‘ಅಟೆನ್ಷನ್’ ಆಧಾರ. ‘ಪೇ’ ಎಂಬುದಕ್ಕೆ ಅಲ್ಲಿ ದುಡ್ಡಿನ ಅರ್ಥ ಉಳಿದೇ ಇಲ್ಲ. ಬರೆಯುವವನ ತಲೆಯಲ್ಲಿ ಮೊದಲು ಹೊಳೆಯುವುದು ಆಧಾರಪದ, ಹೆಚ್ಚಾಗಿ ನಾಮಪದ. ಅದರ ಕ್ರಿಯಾಪದ ಯಾವುದು, ವಿಶೇಷಣ ಯಾವುದು ಎಂಬಲ್ಲಿ ಕೈ ತಡೆಯುತ್ತದೆ.

ಅಧ್ಯಯನದ ಇತಿಹಾಸ

ಈ ವಿಷಯಕ್ಕೆ ಶಾಸ್ತ್ರದಲ್ಲಿ ಗಟ್ಟಿ ನೆಲೆ ಕೊಟ್ಟವರು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ (1890–1960). ಅವರು 1919ರಿಂದ 1928ರವರೆಗೆ ಲಾಹೋರಿನಲ್ಲಿ ಪಂಜಾಬ್ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಮುಂದೆ 1944ರಲ್ಲಿ ಲಂಡನ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಭಾಷಾವಿಜ್ಞಾನದ ಪ್ರಾಧ್ಯಾಪಕರಾದರು. ಪದದ ಅರ್ಥದ ಒಂದು ಭಾಗ ಅದು ಯಾವ ಪದಗಳ ಸಹವಾಸದಲ್ಲಿ ಇರುತ್ತದೆ ಎಂಬುದರಲ್ಲೇ ಇದೆ ಎಂದು ಅವರು 1951ರ ಮತ್ತು 1957ರ ಲೇಖನಗಳಲ್ಲಿ ವಾದಿಸಿದರು. ಅವರ ಶಿಷ್ಯ ಎಂ. ಎ. ಕೆ. ಹ್ಯಾಲಿಡೇ 1966ರಲ್ಲಿ ಕೊಟ್ಟ ಉದಾಹರಣೆ ಇಂದಿಗೂ ತರಗತಿಗಳಲ್ಲಿ ಓಡಾಡುತ್ತದೆ: ಚಹಾ ‘ಸ್ಟ್ರಾಂಗ್’, ಕಾರು ‘ಪವರ್‌ಫುಲ್’, ವಾದಕ್ಕೆ ಮಾತ್ರ ಎರಡೂ ಸಲ್ಲುತ್ತವೆ. ಸ್ಟ್ರಾಂಗ್ ಕಾಫಿ ಕೇಳಿ ಕುಡಿಯುವ ನಮ್ಮ ಹೋಟೆಲುಗಳಲ್ಲಿ ಈ ಪಾಠದ ಅರ್ಧ ಆಗಲೇ ಆಗಿಹೋಗಿದೆ.

ಫರ್ತ್‌ಗಿಂತ ಮುಂಚೆಯೇ ಪಾಠ ಹೇಳುವವರು ಈ ತೊಡಕನ್ನು ಗುರುತಿಸಿದ್ದರು. ಜಪಾನ್ ಸರ್ಕಾರದ ಶಿಕ್ಷಣ ಇಲಾಖೆಗೆ ಸಲಹೆಗಾರರಾಗಿ 1922ರಲ್ಲಿ ಟೋಕಿಯೊಗೆ ಹೋದ ಹೆರಾಲ್ಡ್ ಪಾಮರ್ (1877–1949) ಅಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ನಡೆಸಿದರು. ಜಪಾನಿನ ವಿದ್ಯಾರ್ಥಿಗಳು ಬಿಡಿ ಪದ ಕಲಿತು, ವ್ಯಾಕರಣ ಕಲಿತು, ಎರಡನ್ನೂ ಸೇರಿಸಿದಾಗ ಇಂಗ್ಲಿಷ್ ಅಲ್ಲದ ಇಂಗ್ಲಿಷ್ ಹೊರಬರುತ್ತಿತ್ತು. ಕಲಿಕೆಯ ಘಟಕ ಬಿಡಿ ಪದವಲ್ಲ, ಜೋಡಿ ಎಂದು ತೀರ್ಮಾನಿಸಿ ಪಾಮರ್ ತಂಡ 1933ರಲ್ಲಿ ಇಂಗ್ಲಿಷ್ ಪದಮೈತ್ರಿಗಳ ದೊಡ್ಡ ಪಟ್ಟಿಯನ್ನು ವರದಿಯಾಗಿ ಪ್ರಕಟಿಸಿತು. ಆ ಕೆಲಸದಲ್ಲಿ ಪಳಗಿದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಟೋಕಿಯೊದಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಮರುಪ್ರಕಟಿಸಿತು. ನಮ್ಮ ಕಾಲೇಜು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಓಡಾಡಿದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದು. ಪರಭಾಷೆಯವರ ಕಷ್ಟದಿಂದ ಹುಟ್ಟಿದ ನಿಘಂಟು ಅದಾದ್ದರಿಂದಲೇ ನಮಗೆ ಅಷ್ಟು ಒದಗಿಬಂತು.

ಕಂಪ್ಯೂಟರ್ ಬಂದ ಮೇಲೆ ಊಹೆಯ ಜಾಗಕ್ಕೆ ಎಣಿಕೆ ಬಂತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1961ರ ಮುದ್ರಿತ ಬರಹಗಳಿಂದ ತಲಾ ಸುಮಾರು 2,000 ಪದಗಳ 500 ತುಣುಕುಗಳನ್ನು ಸೇರಿಸಿ 10 ಲಕ್ಷ ಪದಗಳ ಪಠ್ಯಭಂಡಾರ ಕಟ್ಟಿದರು. ಅದೇ ಮಾದರಿಯಲ್ಲಿ ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ, ಶಿವಾಜಿ ವಿಶ್ವವಿದ್ಯಾಲಯದ ಎಸ್. ವಿ. ಶಾಸ್ತ್ರಿ ಅವರು 1978ರ ಭಾರತೀಯ ಇಂಗ್ಲಿಷ್ ಬರಹಗಳಿಂದ 10 ಲಕ್ಷ ಪದಗಳ ಭಂಡಾರ ಸಿದ್ಧಪಡಿಸಿದರು. ಜಗತ್ತಿನ ವಿದ್ವಾಂಸರು ಇಂದಿಗೂ ‘ಕೊಲ್ಹಾಪುರ ಕಾರ್ಪಸ್’ ಎಂದೇ ಅದನ್ನು ಹೆಸರಿಸುತ್ತಾರೆ. 1994ರಲ್ಲಿ ಮುಗಿದ ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ ಪದಗಳಿವೆ. ಮಾರ್ಕ್ ಡೇವೀಸ್ 2008ರಲ್ಲಿ ಸಾರ್ವಜನಿಕರಿಗೆ ತೆರೆದ ಅಮೆರಿಕನ್ ಇಂಗ್ಲಿಷ್ ಭಂಡಾರ ಈಗ 100 ಕೋಟಿಗೂ ಮೀರಿದೆ.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ (1933–2007) ಈ ಭಂಡಾರಗಳನ್ನು ನಿಘಂಟಿನ ಕೆಲಸಕ್ಕೆ ತಂದರು. ಅವರ ಮುಂದಾಳತ್ವದಲ್ಲಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಪ್ರತಿ ಪದವನ್ನೂ ಪೂರ್ಣ ವಾಕ್ಯದಲ್ಲಿ, ಅದರ ಸಂಗಾತಿಗಳ ಜೊತೆಗೇ ವಿವರಿಸಿತು. ಸಿಂಕ್ಲೇರ್ ಹೇಳಿದ್ದು ಇಷ್ಟು: ವಾಕ್ಯ ಕಟ್ಟುವಾಗ ನಾವು ಪ್ರತಿ ಜಾಗಕ್ಕೂ ಹೊಸದಾಗಿ ಪದ ಆರಿಸುವುದಿಲ್ಲ, ಅರೆ ಸಿದ್ಧವಾದ ತುಂಡುಗಳನ್ನು ಎತ್ತಿಕೊಂಡು ಜೋಡಿಸುತ್ತೇವೆ. ಸ್ವಂತ ಆಯ್ಕೆ ನಡೆಯುವುದು ಆ ತುಂಡುಗಳ ಸಂದುಗಳಲ್ಲಿ.

ಎಣಿಕೆಯ ವಿಧಾನವೂ ಸರಳವೇ. ಒಂದು ಪದದ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಪದಗಳಷ್ಟು ದೂರದಲ್ಲಿ ಯಾವ ಯಾವ ಪದಗಳು ಬರುತ್ತವೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಆಕಸ್ಮಿಕವಾಗಿ ಎಷ್ಟು ಸಲ ಒಟ್ಟಿಗೆ ಬರಬೇಕಿತ್ತೋ ಅದಕ್ಕಿಂತ ಬಹಳ ಹೆಚ್ಚು ಸಲ ಬಂದಿದ್ದರೆ ಅವು ಜೊತೆಗಾರರು. 1990ರಲ್ಲಿ ಕೆನೆತ್ ಚರ್ಚ್ ಮತ್ತು ಪ್ಯಾಟ್ರಿಕ್ ಹ್ಯಾಂಕ್ಸ್ ಇದಕ್ಕೊಂದು ಗಣಿತದ ಅಳತೆಯನ್ನು ಸೂಚಿಸಿದರು. ಆ ಅಳತೆಗೆ ಒಂದು ದೋಷವಿದೆ: ಅಪರೂಪದ ಪದಗಳ ಜೋಡಿಯನ್ನು ಅದು ಅತಿಯಾಗಿ ಮೇಲಕ್ಕೆತ್ತುತ್ತದೆ. ಹಾಗಾಗಿ ನಿಘಂಟುಕಾರರು ಒಂದೇ ಅಳತೆಯನ್ನು ನಂಬಿ ಕೂರುವುದಿಲ್ಲ.

ಪದಕ್ಕೆ ಅಂಟಿದ ಬಣ್ಣ

ಭಂಡಾರಗಳು ಬರುವವರೆಗೆ ಯಾರಿಗೂ ಸ್ಪಷ್ಟವಾಗಿ ಕಾಣದಿದ್ದ ಒಂದು ಸಂಗತಿ ಅವುಗಳಿಂದ ಹೊರಬಿತ್ತು. ‘ಕಾಸ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ನಿಘಂಟಿನ ಅರ್ಥ ಉಂಟುಮಾಡು ಎಂದಷ್ಟೆ. ಆದರೆ ಅದರ ಮುಂದೆ ಬರುವ ಪದಗಳನ್ನು ಸಾಲಾಗಿ ನೋಡಿದರೆ ಸಮಸ್ಯೆ, ಹಾನಿ, ಸಾವು, ಕಾಯಿಲೆ, ವಿಳಂಬ, ಆತಂಕ! ಒಳ್ಳೆಯದನ್ನು ಉಂಟುಮಾಡುವ ಮಾತು ಬಂದಾಗ ಇಂಗ್ಲಿಷ್ ಬರಹಗಾರರು ‘ಬ್ರಿಂಗ್’, ‘ಲೀಡ್ ಟು’ ಮೊದಲಾದವುಗಳ ಕಡೆ ತಿರುಗುತ್ತಾರೆ. ‘ನಿಮ್ಮ ಭೇಟಿ ನಮಗೆ ಸಂತೋಷ ಉಂಟುಮಾಡಿತು’ ಎಂಬುದನ್ನು ‘ಕಾಸ್ಡ್ ಹ್ಯಾಪಿನೆಸ್’ ಎಂದು ಬರೆದರೆ ಅಲ್ಲೊಂದು ನೆರಳು ಬೀಳುತ್ತದೆ. ‘ಸೆಟ್ ಇನ್’ ಕೂಡ ಹೀಗೆಯೇ. ಹತಾಶೆ, ಕೊಳೆತ, ಕೆಟ್ಟ ಹವೆ ‘ಸೆಟ್ ಇನ್’ ಆಗುತ್ತವೆ, ನೆಮ್ಮದಿ ಹಾಗಾಗುವುದು ವಿರಳ. ಪದಕ್ಕೆ ಸಹವಾಸದಿಂದ ಬರುವ ಈ ಬಣ್ಣದ ಬಗ್ಗೆ ಸಿಂಕ್ಲೇರ್, ಬಿಲ್ ಲೌ, ಮೈಕೆಲ್ ಸ್ಟಬ್ಸ್ ಬರೆದಿದ್ದಾರೆ.

ಕನ್ನಡದ ‘ಎಸಗು’ ಇದಕ್ಕೆ ಸಾಕ್ಷಿ. ಹಳಗನ್ನಡದಲ್ಲಿ ಅದಕ್ಕೆ ಮಾಡು ಎಂಬ ಸಾದಾ ಅರ್ಥವಿತ್ತು. ಇಂದಿನ ಪತ್ರಿಕೆಯಲ್ಲಿ ಎಸಗುವುದು ದ್ರೋಹ, ಅಪಚಾರ, ಅಪರಾಧ, ಅತ್ಯಾಚಾರ. ದಾನವನ್ನು ಯಾರೂ ಎಸಗುವುದಿಲ್ಲ. ಇಂಗ್ಲಿಷಿನ ‘ಕಮಿಟ್’ ಹೆಚ್ಚುಕಡಿಮೆ ಇದೇ ಜಾಡಿನದು. ಕೊಲೆ, ಪಾಪ, ತಪ್ಪು ಅದರ ನೆಂಟರು. ಆತ್ಮಹತ್ಯೆಯ ಸುದ್ದಿಯಲ್ಲಿ ಆ ಕ್ರಿಯಾಪದ ಬೇಡ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಇಂಗ್ಲೆಂಡಿನಲ್ಲಿ 1961ರವರೆಗೆ ಅದು ಅಪರಾಧವಾಗಿತ್ತು. ಕಾನೂನು ಬದಲಾದರೂ ಪದ ಅಪರಾಧದ ವಾಸನೆಯನ್ನು ಹೊತ್ತೇ ಬಂತು. ಸತ್ತವರ ಮನೆಯವರ ನೋವಿಗೆ ಅದು ಇನ್ನಷ್ಟು ಸೇರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾಧ್ಯಮ ಮಾರ್ಗದರ್ಶಿ ‘ಡೈಡ್ ಬೈ ಸೂಯಿಸೈಡ್’ ಎಂಬ ಬಳಕೆ ಮೇಲು ಎನ್ನುತ್ತದೆ. ಪದಮೈತ್ರಿ ಬರೀ ಸೊಗಸಿನ ವಿಷಯ ಎನ್ನುವವರು ಇದೊಂದನ್ನು ಗಮನಿಸಬೇಕು.

ಕನ್ನಡಿಗರು ಬರೆಯುವ ಇಂಗ್ಲಿಷ್

ಮಾತೃಭಾಷೆಯ ಜೋಡಿಗಳು ಪರಭಾಷೆಯ ಬರಹಕ್ಕೆ ನುಸುಳುವುದು ಎಲ್ಲೆಡೆ ಇರುವುದೇ. ಕನ್ನಡದಲ್ಲಿ ‘ಮಾಡು’ ಒಂದೇ ಹೊರುವ ಕೆಲಸವನ್ನು ಇಂಗ್ಲಿಷಿನಲ್ಲಿ ಹಲವರು ಹಂಚಿಕೊಂಡಿದ್ದಾರೆ. ತಪ್ಪು ಮಾಡಿದರೆ ‘ಮೇಕ್’, ಮನೆಪಾಠ ಮಾಡಿದರೆ ‘ಡೂ’, ಸ್ನಾನ ಮಾಡಿದರೆ ಬ್ರಿಟನ್ನಿನಲ್ಲಿ ‘ಹ್ಯಾವ್’, ಅಮೆರಿಕದಲ್ಲಿ ‘ಟೇಕ್’, ಭಾಷಣ ಮಾಡಿದರೆ ‘ಗಿವ್’ ಅಥವಾ ‘ಡೆಲಿವರ್’, ಸಂಶೋಧನೆ ಮಾಡಿದರೆ ‘ಡೂ’ ಅಥವಾ ‘ಕಂಡಕ್ಟ್’. ‘ಮೇಕ್’ ಎಲ್ಲಿ, ‘ಡೂ’ ಎಲ್ಲಿ ಎಂಬುದಕ್ಕೆ ಮೇಷ್ಟರುಗಳು ಹೇಳುವ ಸೂತ್ರಗಳು ಅರ್ಧ ದಾರಿಗೆ ಬರುತ್ತವೆ, ಉಳಿದರ್ಧಕ್ಕೆ ಬಳಕೆಯೇ ಗತಿ.

ಪರೀಕ್ಷೆಯ ವಿಷಯ ಇನ್ನೂ ಸ್ವಾರಸ್ಯದ್ದು. ನಾವು ಪರೀಕ್ಷೆ ಬರೆಯುತ್ತೇವೆ, ಹಾಗಾಗಿ ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ‘ರೈಟ್ ಆ್ಯನ್ ಎಕ್ಸಾಮ್’. ಹಿಂದಿಯವರು ಪರೀಕ್ಷೆ ಕೊಡುತ್ತಾರೆ, ಅವರದು ‘ಗಿವ್’. ಬ್ರಿಟನ್ನಿನವರು ‘ಸಿಟ್’ ಅಥವಾ ‘ಟೇಕ್’, ಅಮೆರಿಕದವರು ‘ಟೇಕ್’. ನಮ್ಮ ‘ರೈಟ್’ ತಪ್ಪು ಎಂದು ಬೈಯುವವರಿಗೆ ಕೆನಡಾದಲ್ಲೂ ಅದು ರೂಢಿಯಲ್ಲಿದೆ ಎಂಬುದು ಗೊತ್ತಿರಲಿ. ಚುನಾವಣೆಗೂ ಹೀಗೆಯೇ. ಬ್ರಿಟನ್ನಿನಲ್ಲಿ ಅಭ್ಯರ್ಥಿ ನಿಲ್ಲುತ್ತಾನೆ, ಅಮೆರಿಕದಲ್ಲಿ ಓಡುತ್ತಾನೆ, ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಕಂಟೆಸ್ಟ್’ ಮಾಡುತ್ತಾನೆ. ಇವು ಯಾವುವೂ ತಪ್ಪಲ್ಲ, ಒಂದೊಂದು ನಾಡಿನ ರೂಢಿ.

ಎಲ್ಲವನ್ನೂ ರೂಢಿ ಎಂದು ಸಮರ್ಥಿಸಿಕೊಳ್ಳಲಾಗದು. ವಿಷಯದ ‘ಬಗ್ಗೆ’ ಚರ್ಚಿಸುತ್ತೇವೆ ಎಂಬ ಕನ್ನಡದ ಬಲದಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ. ಇಂಗ್ಲಿಷಿನ ‘ಡಿಸ್ಕಸ್’ ನೇರವಾಗಿ ಕರ್ಮಪದವನ್ನು ಹಿಡಿಯುತ್ತದೆ, ನಡುವೆ ಯಾರೂ ಬೇಡ. ಒಬ್ಬರ ‘ಜೊತೆ’ ಮದುವೆ ಎಂಬುದರಿಂದ ‘ಮ್ಯಾರೀಡ್ ವಿತ್’ ಬರುತ್ತದೆ. ಆಗಬೇಕಾದ್ದು ‘ಮ್ಯಾರೀಡ್ ಟು’. ‘ಕೋಪ್ ಅಪ್ ವಿತ್’, ‘ಕಂಪ್ರೈಸಸ್ ಆಫ್’ ಕೂಡ ಅರ್ಜಿ, ವರದಿಗಳಲ್ಲಿ ದಿನವೂ ಕಾಣುವಂಥವು. ದೇಶದ ಹೊರಗಿನ ಓದುಗರಿಗೆ ಬರೆಯುವಾಗ ಇವನ್ನು ತಿದ್ದಿಕೊಳ್ಳುವುದು ಒಳ್ಳೆಯದು. ‘ಡೂ ದ ನೀಡ್‌ಫುಲ್’ ಕತೆ ಬೇರೆ. ಒಂದು ಕಾಲದಲ್ಲಿ ಬ್ರಿಟಿಷರೇ ಬಳಸುತ್ತಿದ್ದ ಅದು ಅಲ್ಲಿ ಮರೆಯಾಗಿ ಇಲ್ಲಿಯ ಕಚೇರಿಗಳಲ್ಲಿ ಉಳಿದುಕೊಂಡಿತು. ಭಾರತೀಯ ಇಂಗ್ಲಿಷಿಗೆ ತನ್ನದೇ ಸ್ಥಾನವಿದೆ ಎಂದು ಬ್ರಜ್ ಕಚ್ರು (1932–2016) ಜೀವನವಿಡೀ ವಾದಿಸಿದರು. ಆ ವಾದದಲ್ಲಿ ಹುರುಳಿದೆ. ಆದರೆ ನಾಡಿನ ರೂಢಿ ಯಾವುದು, ಅರೆಕಲಿಕೆ ಯಾವುದು ಎಂದು ಬೇರೆ ಮಾಡಿ ನೋಡುವ ಹೊಣೆಯಿಂದ ಅದು ಬರಹಗಾರನನ್ನು ಬಿಡಿಸುವುದಿಲ್ಲ.

ಸಾಹಿತ್ಯದಲ್ಲಿ ಮೈತ್ರಿಯನ್ನು ಬೇಕೆಂದೇ ಮುರಿಯುವುದುಂಟು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರ ‘ಕಾಂತಾಪುರ’ ಕಾದಂಬರಿಯಲ್ಲಿ ಕನ್ನಡ ನಾಡಿನ ಹಳ್ಳಿಯ ಅಜ್ಜಿಯೊಬ್ಬಳ ಮಾತಿನ ಓಟವನ್ನೇ ಇಂಗ್ಲಿಷಿಗೆ ಹೊರಳಿಸಿದರು. ಅಲ್ಲಿ ಇಂಗ್ಲಿಷ್ ಓದುಗ ಎಡವುವುದು ಲೇಖಕರ ಉದ್ದೇಶ. ನಿಯಮ ಗೊತ್ತಿದ್ದವರು ಮುರಿದದ್ದು ಅದು.

ಹರಿವು ಒಂದೇ ದಿಕ್ಕಿನದಲ್ಲ. ‘ಪ್ರಮುಖ ಪಾತ್ರ ವಹಿಸು’, ‘ಬೆಳಕು ಚೆಲ್ಲು’ ಎಂಬ ಪತ್ರಿಕೆಯ ಕನ್ನಡದ ಹಿಂದೆ ಇಂಗ್ಲಿಷ್ ಜೋಡಿಗಳಿವೆ. ಕನ್ನಡದಿಂದ ಇಂಗ್ಲಿಷಿಗೆ ಸುದ್ದಿ ತರುವವರಿಗೆ ಮಾತ್ರ ಪ್ರತಿ ಸಾಲಲ್ಲೂ ಪರೀಕ್ಷೆ: ಮೊಕದ್ದಮೆ ಹೂಡಿದರೆ ‘ಫೈಲ್’, ಆದೇಶ ಹೊರಡಿಸಿದರೆ ‘ಇಶ್ಯೂ’, ತೀರ್ಪು ಕೊಟ್ಟರೆ ‘ಡೆಲಿವರ್’, ರಾಜೀನಾಮೆ ಕೊಟ್ಟರೆ ‘ಟೆಂಡರ್’ ಅಥವಾ ‘ಸಬ್ಮಿಟ್’, ಪ್ರಶ್ನೆ ಎತ್ತಿದರೆ ‘ರೇಸ್’. ಕೊನೆಯದು ಮಾತ್ರ ಎರಡೂ ಭಾಷೆಗಳಲ್ಲಿ ಒಂದೇ ಚಿತ್ರ.

ಆರಿಸುವ ಬಗೆ

ಪದಮೈತ್ರಿಗೆಂದೇ ನಿಘಂಟುಗಳಿವೆ. ಮಾರ್ಟನ್ ಬೆನ್ಸನ್, ಎವೆಲಿನ್ ಬೆನ್ಸನ್, ರಾಬರ್ಟ್ ಇಲ್ಸನ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಬಿಬಿಐ ನಿಘಂಟು 1986ರಲ್ಲಿ ಬಂತು. 2002ರ ಆಕ್ಸ್‌ಫರ್ಡ್ ಕೊಲೊಕೇಶನ್ಸ್ ಡಿಕ್ಷನರಿಯ ಮೊದಲ ಆವೃತ್ತಿಯಲ್ಲಿ ಸುಮಾರು 9,000 ಮುಖ್ಯ ಪದಗಳ ಕೆಳಗೆ ಒಂದೂವರೆ ಲಕ್ಷ ಜೋಡಿಗಳಿದ್ದವು. ಇವುಗಳಲ್ಲಿ ಅರ್ಥ ಹುಡುಕುವಂತಿಲ್ಲ. ಅರ್ಥ ಗೊತ್ತಿರುವ ಪದಕ್ಕೆ ಸಂಗಾತಿ ಹುಡುಕಬೇಕು.

ಉದಾಹರಣೆಗೆ ‘ಡಿಸಿಷನ್’ ತೆಗೆದುಕೊಳ್ಳಿ. ವಿಶೇಷಣಗಳಲ್ಲಿ ‘ಹೇಸ್ಟಿ’ ಎಂದರೆ ದುಡುಕಿನದು, ‘ಟಫ್’ ಎಂದರೆ ಮನಸ್ಸಿಗೆ ಕಷ್ಟವಾದದ್ದು, ‘ಯುನಾನಿಮಸ್’ ಎಂದರೆ ಎಲ್ಲರೂ ಒಪ್ಪಿದ್ದು, ‘ಲ್ಯಾಂಡ್‌ಮಾರ್ಕ್’ ಎಂದರೆ ಮುಂದಿನವಕ್ಕೆ ಮಾದರಿಯಾಗುವಂಥದು, ಹೆಚ್ಚಾಗಿ ನ್ಯಾಯಾಲಯದ್ದು. ಕ್ರಿಯಾಪದಗಳಲ್ಲಿ ‘ಮೇಕ್’ ಎಲ್ಲೆಡೆ ಸಲ್ಲುತ್ತದೆ. ‘ಟೇಕ್’ ಬ್ರಿಟನ್ನಿನಲ್ಲಿ, ಭಾರತದಲ್ಲಿ ಹೆಚ್ಚು. ‘ರೀಚ್’ ಎಂದರೆ ಚರ್ಚೆಯ ನಂತರ ತಲುಪಿದ್ದು ಎಂಬ ಸೂಚನೆ ಇದೆ, ಆದ್ದರಿಂದ ಸಮಿತಿಗೆ ಒಪ್ಪುತ್ತದೆ. ‘ಡಿಫರ್’ ಮುಂದೂಡುವುದು. ‘ರಿವರ್ಸ್’ ಮಾಡುವುದು ತೀರ್ಮಾನಿಸಿದವರೇ ಆಗಬಹುದು. ‘ಓವರ್‌ಟರ್ನ್’ ಮಾಡಲು ಸಾಮಾನ್ಯವಾಗಿ ಮೇಲಿನ ಅಧಿಕಾರ ಬೇಕು. ಇಂಥ ಒಂದು ನಮೂದನ್ನು ನಿಧಾನವಾಗಿ ಓದಿದವರಿಗೆ ಆ ಪದ ಕೈವಶವಾಗುತ್ತದೆ. ಇಪ್ಪತ್ತು ಹೊಸ ಪದಗಳ ಅರ್ಥ ಬಾಯಿಪಾಠ ಮಾಡಿದವರಿಗೆ ಅಷ್ಟು ಲಾಭವಿಲ್ಲ.

ಸಮಾನಾರ್ಥಕ ಕೋಶದಲ್ಲಿ ಅಪಾಯವಿದೆ. ಪದ ಮರುಕಳಿಸಬಾರದೆಂದು ಅಲ್ಲಿಂದ ಒಂದನ್ನು ಕಿತ್ತು ತಂದರೆ ಅದರ ಸಂಗಾತಿಗಳು ಅಲ್ಲೇ ಉಳಿದಿರುತ್ತವೆ. ‘ಇಂಜರ್ಡ್’ ಜೊತೆ ‘ಸೀರಿಯಸ್ಲಿ’, ‘ಹರ್ಟ್’ ಜೊತೆ ‘ಬ್ಯಾಡ್ಲಿ’. ನೋವು ಮನಸ್ಸಿನದಾದರೆ ‘ಡೀಪ್ಲಿ ಹರ್ಟ್’. ಅರ್ಥ ಸಮಾನ, ಸಂಸಾರ ಬೇರೆ. ಸಂಶಯ ಬಂದಾಗ ಪಠ್ಯಭಂಡಾರದಲ್ಲಿ ಎರಡು ರೂಪಗಳನ್ನೂ ಹುಡುಕಿ ಸಾಲುಗಳನ್ನು ಓದಬೇಕು. ಸಂಖ್ಯೆಯನ್ನಷ್ಟೇ ನೋಡಿ ಬಿಡಬಾರದು. ಬರೆದವರು ಯಾರು, ವಿಜ್ಞಾನ ಪ್ರಬಂಧವೋ ಕ್ರೀಡಾ ವರದಿಯೋ ಎಂಬುದೂ ಮುಖ್ಯ. ಗೂಗಲ್ 2010ರಲ್ಲಿ ತೆರೆದ ಎನ್‌ಗ್ರ್ಯಾಮ್ ಸಾಧನ ಪುಸ್ತಕಗಳಲ್ಲಿ ಒಂದು ಜೋಡಿ ಯಾವ ಕಾಲದಲ್ಲಿ ಏರಿತು, ಇಳಿಯಿತು ಎಂದು ತೋರಿಸುತ್ತದೆ.

ಸವೆದ ಮಾತುಗಳನ್ನು ದೂರವಿಡಿ ಎಂಬ ಹಳೆಯ ಬುದ್ಧಿಮಾತಿಗೆ ಇದೆಲ್ಲ ವಿರುದ್ಧವೇ ಎಂದು ಕೇಳಬಹುದು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯದ ಇಂಗ್ಲಿಷ್ ಕುರಿತು ಬರೆದ ಪ್ರಬಂಧದಲ್ಲಿ ಸಿದ್ಧ ಮಾತುಗಳನ್ನು ಪೋಣಿಸಿ ಯೋಚನೆ ತಪ್ಪಿಸಿಕೊಳ್ಳುವವರನ್ನು ಕಟುವಾಗಿ ಟೀಕಿಸಿದರು. ಆರ್ವೆಲ್ ಸರಿ. ಆದರೆ ಸವಕಲು ಮಾತು ಓದುಗನ ಗಮನವನ್ನು ತನ್ನ ಕಡೆ ಎಳೆದು ಬೇಸರ ತರಿಸುತ್ತದೆ. ಪದಮೈತ್ರಿ ಗಮನವನ್ನೇ ಬೇಡದೆ ವಿಷಯವನ್ನು ದಾಟಿಸುತ್ತದೆ. ‘ಹೆವಿ ರೈನ್’ ಎಂದು ಬರೆದವನನ್ನು ಸವಕಲು ಎಂದು ಯಾರೂ ಅನ್ನುವುದಿಲ್ಲ. ಸ್ವಂತಿಕೆ ತೋರಬೇಕಾದ್ದು ವಿಚಾರದಲ್ಲಿ ಮತ್ತು ಉಪಮೆಯಲ್ಲಿ. ಮಳೆಯ ವಿಶೇಷಣದಲ್ಲಿ ಅಲ್ಲ.

ಇದನ್ನೆಲ್ಲ ಶಾಲೆಯಲ್ಲೇ ಕಲಿಸಬಹುದು. ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗೆ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆಯೊಂದು ಆರಂಭವಾಯಿತು. ಶಿಕ್ಷಕರ ತಯಾರಿಗೆ ನೆಲೆ ಇದೆ. ಬದಲಾಗಬೇಕಾದ್ದು ಪಾಠದ ಕೊನೆಯಲ್ಲಿ ಮಕ್ಕಳು ಬರೆದುಕೊಳ್ಳುವ ಪದಪಟ್ಟಿ. ಎಡಗಡೆ ಒಂದು ಇಂಗ್ಲಿಷ್ ಪದ, ಬಲಗಡೆ ಒಂದು ಕನ್ನಡ ಪದ ಎಂಬ ಪಟ್ಟಿಯಿಂದ ಬರವಣಿಗೆ ಬರುವುದಿಲ್ಲ. ‘ಅಟೆನ್ಷನ್’ ಬಂದ ದಿನವೇ ‘ಪೇ’ ಕೂಡ ಬರಲಿ, ‘ಮಿಸ್ಟೇಕ್’ ಎದುರಿಗೆ ‘ಮೇಕ್’ ಇರಲಿ, ಅದರ ಕೆಳಗೆ ಕನ್ನಡದಲ್ಲಿ ನಾವು ಹೇಳುವ ಜೋಡಿಯೂ ಇರಲಿ. ಇಂಗ್ಲಿಷ್ ಕಲಿಸುವ ಪ್ರತಿ ಮೇಷ್ಟರೂ ಮೇಡಮ್ಮೂ ಈ ವರ್ಷದ ನೋಟುಪುಸ್ತಕದಿಂದಲೇ ಇದನ್ನು ಶುರು ಮಾಡಬಹುದು.